3ರ ಬಾಯಿ, 9ರ ಬೆನ್ನು: ಹಳೆಯ ಚಿನ್ನದ ನಾಣ್ಯಗಳ ಅಪರೂಪದ ಬಗೆ ಗುರುತಿಸುವುದು ಹೇಗೆ?

1873ರ ಜನವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾ ಟಂಕಸಾಲೆಯೊಳಗೇ ಒಂದು ತಕರಾರು ಎದ್ದಿತು: ನಾಣ್ಯದ ಇಸವಿಯಲ್ಲಿರುವ 3 ಥೇಟ್ 8ರಂತೆ ಕಾಣುತ್ತಿದೆ! ಅಂಕಿಯ ತುದಿಗಳು ಅಷ್ಟು ಹತ್ತಿರ ಬಾಗಿದ್ದವು. ಹೊಸ ಅಚ್ಚಿನಲ್ಲಿ 3ರ ಬಾಯಿ ಅಗಲಿಸಿದರು. ಹೀಗೆ ಒಂದೇ ವರ್ಷದಲ್ಲಿ ‘ಮುಚ್ಚಿದ 3’, ‘ತೆರೆದ 3’ ಎಂಬ ಎರಡು ಬಗೆ ಹುಟ್ಟಿದವು. 20 ಡಾಲರಿನ ಡಬಲ್ ಈಗಲ್‌ನಲ್ಲೂ 1 ಡಾಲರಿನ ಪುಟಾಣಿ ನಾಣ್ಯದಲ್ಲೂ ಮುಚ್ಚಿದ್ದೇ ಅಪರೂಪ. ಸಂಗ್ರಾಹಕರು ‘ವೆರೈಟಿ’ ಎನ್ನುವುದು ಇಂಥದ್ದನ್ನೇ.

ಮೊದಲು ಒಂದೇ ಸರಣಿ ಹಿಡಿಯಿರಿ. ಶಿಲ್ಪಿ ಸೇಂಟ್ ಗಾಡೆನ್ಸ್ ರೂಪಿಸಿದ, 1907ರಿಂದ 1933ರವರೆಗಿನ ಡಬಲ್ ಈಗಲ್ ಕಲಿಯಲು ಚೆನ್ನ; ಅದರಲ್ಲಿ ಇಸವಿಯ ಮೇಲೆ ಇಸವಿ ಬಿದ್ದದ್ದು 1909ರಲ್ಲಿ ಮಾತ್ರ. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ನಾಣ್ಯವನ್ನು ಮೆಲ್ಲಗೆ ಹೊರಳಿಸಿ. ಆ ಬಗೆಯದಾದರೆ ಕೊನೆಯ 9ರ ಅಡಿಯಿಂದ 8ರ ಬಳುಕು ಇಣುಕುತ್ತದೆ. ಒಂದೇ ಅಚ್ಚಿಗೆ ಎರಡೂ ವರ್ಷದ ಮೂಲಮುದ್ರೆ ಒತ್ತಿದ್ದರ ಗುರುತು ಅದು.

ಇನ್ನು ಗ್ರೇಡು, ಅಂದರೆ ನಾಣ್ಯ ಎಷ್ಟು ಚೆನ್ನಾಗಿ ಉಳಿದಿದೆ ಎಂಬುದರ ಅಂಕ. 1949ರಲ್ಲಿ ವಿಲಿಯಂ ಶೆಲ್ಡನ್ ತಾಮ್ರದ ಸೆಂಟ್‌ಗಳಿಗೆಂದು ಮಾಡಿದ 1ರಿಂದ 70ರ ಅಳತೆಯೇ ಈಗ ಚಿನ್ನಕ್ಕೂ. 60ರಿಂದ ಮೇಲಿನದು ಚಲಾವಣೆಯಲ್ಲಿ ಸವೆಯದ್ದು. ಗ್ರೇಡು ಕೊಡುವ ಸಂಸ್ಥೆಗಳು ನಾಣ್ಯವನ್ನು ಡಬ್ಬಿಯಲ್ಲಿಟ್ಟು ಹಾಕುವ ಚೀಟಿಯಲ್ಲಿ ಅಂಕಿಯ ಬದಲು ‘ಡೀಟೇಲ್ಸ್’ ಎಂದಿದ್ದರೆ ಉಜ್ಜಿ ತೊಳೆದದ್ದೋ, ಗಾಯವಾದದ್ದೋ ಇರುತ್ತದೆ. ನನ್ನ ಕೇಳಿದರೆ, 64ರ ಸಾಮಾನ್ಯ ನಾಣ್ಯಕ್ಕಿಂತ 55ರ ಅಪರೂಪದ ಬಗೆಯೇ ಮೇಲು.

ಬಿಡಿ ನಾಣ್ಯವಾದರೆ ತೂಗಿ: ಡಬಲ್ ಈಗಲ್ 33.436 ಗ್ರಾಂ, ಅಡ್ಡಗಲ 34 ಮಿಲಿಮೀಟರ್. ಆದರೆ ತಕ್ಕಡಿಯೊಂದನ್ನೇ ನೆಚ್ಚಬೇಡಿ. 1907ರ ಹೈ ರಿಲೀಫ್ (ಚಿತ್ರ ಎತ್ತರಕ್ಕೆ ಉಬ್ಬಿದ) ನಾಣ್ಯವನ್ನು ಅಸಲಿ ಚಿನ್ನದಲ್ಲೇ ನಕಲು ಮಾಡಿದ ಭೂಪನೊಬ್ಬನಿದ್ದ. ಹದ್ದಿನ ಉಗುರಿನೊಳಗೆ ಗ್ರೀಕಿನ ಒಮೆಗಾ ಅಕ್ಷರ ಕೊರೆದು ಸಹಿ ಬೇರೆ ಹಾಕಿದ್ದ!

ಗ್ರೇಡು ಕೊಡುವ ಪಿಸಿಜಿಎಸ್, ಎನ್‌ಜಿಸಿ ಸಂಸ್ಥೆಗಳ ಡಬ್ಬಿಯಲ್ಲಿದ್ದರೂ ಚೀಟಿಯ ಸಂಖ್ಯೆಯನ್ನು ಅವರ ಜಾಲತಾಣದಲ್ಲಿ ಹಾಕಿ ನೋಡಿ. ಡಬ್ಬಿಗೂ ನಕಲುಂಟು. ಚಿತ್ರ ಸಿಕ್ಕರೆ ಅಂಚಿನ ಗೀರು, ಕೆನ್ನೆಯ ಚುಕ್ಕೆಯನ್ನೂ ತಾಳೆ ಹಾಕಿ.

ಮಜಾ ಇರುವುದು ಇಲ್ಲೇ: ಹಳೆಯ ಚೀಟಿಗಳಲ್ಲಿ ಬಗೆಯ ಹೆಸರನ್ನು ಬರೆಯದೆ ಬಿಟ್ಟದ್ದೂ ಉಂಟು. ಬರೀ ‘1909’ ಎಂದಿರುವ ಡಬ್ಬಿ ಕಂಡರೆ ಮುಂದಕ್ಕೆ ಹೋಗುವ ಮುನ್ನ ಆ 9ರ ಮೇಲೆ ಲೂಪ್ ಇಡಿ.