ಹೂರಣವನ್ನು ಅಂಗಡಿಯಿಂದ ತರುವವರಿಗೆ

ಯುಗಾದಿಗೆ ಪೊಟ್ಟಣದ ಹೂರಣ ತಂದು, ಒಬ್ಬಟ್ಟು ಕಾವಲಿಯ ಮೇಲೆ ಒಡೆದುಹೋಯಿತೆಂದು ಕಣಕವನ್ನು ಬೈಯುವ ಸೊಸೆಯಂದಿರನ್ನೂ ಗಂಡುಮಕ್ಕಳನ್ನೂ ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಕೊಂಡ ಹೂರಣದಲ್ಲಿ ಸಕ್ಕರೆಯ ಸಿಹಿ ಮುಂದಾಗಿ ಬೇಳೆಯ ರುಚಿ ಹಿಂದಾದರೆ ಅದನ್ನಾದರೂ ಸಹಿಸಬಹುದು. ಆದರೆ ಬೇಳೆ ಬಸಿದ ಕಟ್ಟು ಅಂಗಡಿಯವನ ಬಳಿಯೇ ಉಳಿದ ಮೇಲೆ ಒಬ್ಬಟ್ಟಿನ ಸಾರನ್ನು ಯಾವುದರಿಂದ ಮಾಡುತ್ತೀರಿ?

ಮೈಸೂರಿನ ಕಡೆ ತೊಗರಿಬೇಳೆ, ಧಾರವಾಡದ ಕಡೆ ಕಡಲೆಬೇಳೆ. ಯಾವುದಾದರೂ ಸರಿ, ಕುಕ್ಕರಿನಲ್ಲಿಟ್ಟು ಸೀಟಿ ಎಣಿಸಬೇಡಿ. ಅಗಲ ಬಾಯಿಯ ಪಾತ್ರೆಯಲ್ಲಿ ಧಾರಾಳವಾಗಿ ನೀರಿಟ್ಟು ಬೇಯಿಸಿ. ಬೇಳೆ ಇಡಿಯಾಗಿ ಕಾಣಬೇಕು, ಬೆರಳಿನಿಂದ ಒತ್ತಿದೊಡನೆ ನುಣ್ಣಗಾಗಬೇಕು. ನಡುವೆ ಗಟ್ಟಿ ಉಳಿದಿದ್ದರೆ ಇನ್ನೂ ಬೇಯಲಿ, ಬೆಲ್ಲ ಬಿದ್ದ ಮೇಲೆ ಬೇಳೆ ಬೇಯುವುದಿಲ್ಲ.

ಇನ್ನು ಬಸಿಯುವ ವಿಚಾರ. ಜರಡಿಗೆ ಸುರಿದು ಎರಡು ಸಲ ಕುಲುಕಿ ಬೆಲ್ಲ ಹಾಕುವವರ ಹೂರಣವೇ ನೀರಾಗುವುದು. ನಮ್ಮ ಅತ್ತೆಯವರು ಬೇಳೆಯನ್ನು ಬಿದಿರಿನ ಬುಟ್ಟಿಗೆ ಬಸಿದು, ಕಟ್ಟು ತೊಟ್ಟಿಕ್ಕುವುದು ಪೂರ್ತಿ ನಿಂತ ಮೇಲೆ, ಮೆತ್ತಗಾದ ಹಳೆಯ ಪಂಚೆಯ ಮೇಲೆ ತೆಳುವಾಗಿ ಹರಡಿ, ಹಬೆ ಹೋಗುವವರೆಗೆ ನನ್ನ ಕೈಗೆ ಬೀಸಣಿಗೆ ಕೊಟ್ಟು ಕೂರಿಸುತ್ತಿದ್ದರು. ನಡುನಡುವೆ ಬಂದು ಅಂಗೈಯನ್ನು ಬೇಳೆಯ ಮೇಲೆ ಮೆಲ್ಲಗೆ ಊರಿ, ಎತ್ತಿ, ಬೆಳಕಿಗೆ ಹಿಡಿದು ನೋಡುವರು. ಒಂದು ಬೇಳೆ ಅಂಟಿದ್ದರೂ, ಒಂದಿಷ್ಟು ತೇವ ಮಿನುಗಿದರೂ ‘ಇನ್ನೂ ಬೀಸು’ ಎಂದು ಹೋಗುವರು. ನಾನು ಈಗ ಫ್ಯಾನ್ ಹಾಕುತ್ತೇನೆ, ಆದರೆ ಅಂಗೈಯ ಪರೀಕ್ಷೆಯನ್ನು ಬಿಟ್ಟಿಲ್ಲ. ಆ ಪಂಚೆಯನ್ನು ಮಾತ್ರ ಸೋಪಿನ ಪುಡಿಯಲ್ಲಿ ಒಗೆಯಬೇಡಿ, ಅದರ ವಾಸನೆ ಬೇಳೆಗೆ ಹತ್ತುತ್ತದೆ. ಅಡುಗೆಮನೆಯ ಬಟ್ಟೆಯನ್ನು ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಬೇಕೇ ಹೊರತು, ಕಾಲುಚೀಲಗಳ ಜೊತೆ ಮಷಿನ್ನಿಗೆ ತುರುಕುವುದು ಎಲ್ಲಿಯ ಪದ್ಧತಿಯೋ ನನಗೆ ತಿಳಿಯದು.

ಬೇಳೆ ಇಷ್ಟು ಒಣಗಿದ್ದರೂ ಬೆಲ್ಲ ಕರಗಿ ತಾನೇ ನೀರು ಬಿಡುತ್ತದೆ. ಹಳದಿಯಾಗಿ ಹೊಳೆಯುವ ಬೆಲ್ಲಕ್ಕೆ ಮರುಳಾಗದೆ ಕಂದು ಬಣ್ಣದ್ದನ್ನು ತನ್ನಿ. ಬೇಳೆ ಬೆಲ್ಲ ಎರಡನ್ನೂ ಒಲೆಯ ಮೇಲಿಟ್ಟು, ಸೌಟು ನೆಟ್ಟರೆ ನಿಲ್ಲುವವರೆಗೆ ಮಗುಚಿ, ಬೆಚ್ಚಗಿರುವಾಗಲೇ ಏಲಕ್ಕಿ ಸೇರಿಸಿ ರುಬ್ಬಿ. ಮಿಕ್ಸಿ ತಿರುಗದಿದ್ದರೆ ಸ್ವಲ್ಪ ಸ್ವಲ್ಪವೇ ಹಾಕಿ ಚಮಚದಿಂದ ಕೆದಕಿ ತಿರುಗಿಸಬೇಕು, ನೀರು ಹನಿಸಬಾರದು.

ಹಬ್ಬದ ದಿನ ಪುರುಸೊತ್ತಿಲ್ಲವೆನ್ನುವವರು ಹಿಂದಿನ ದಿನವೇ ಮಾಡಿ ಫ್ರಿಜ್ಜಿನಲ್ಲಿಡಿ. ಕಾಯಿತುರಿ ಮಾತ್ರ ಬೇಡ, ಹಳಸೀತು. ಕೊಳ್ಳಲೇಬೇಕಾದರೆ ದಿನವೂ ಹೋಳಿಗೆ ಬೇಯಿಸುವ ಅಂಗಡಿಯಿಂದ ಅಂದಿನ ಹೂರಣವನ್ನೇ ಕೇಳಿ ತಂದು, ಬಾಣಲೆಯಲ್ಲಿ ಒಂದು ಚಮಚ ತುಪ್ಪದೊಡನೆ ತಳ ಬಿಡುವವರೆಗೆ ಕೆದಕಿ, ಆರಿದ ಮೇಲೆ ಉಂಡೆ ಕಟ್ಟಿ.