ವಿಐಆರ್‌ಎಂಪಿ ರ‍್ಯಾಂಕ್ ಪಟ್ಟಿ: ನಾನು ಮಾಡಿದ ಕ್ರಮ

ಅಮೆರಿಕದಲ್ಲಿ ಪಶುವೈದ್ಯರ ಇಂಟರ್ನ್‌ಶಿಪ್, ರೆಸಿಡೆನ್ಸಿ ಸೀಟುಗಳು ಬಹುಪಾಲು ವಿಐಆರ್‌ಎಂಪಿ ಮ್ಯಾಚ್ ಮೂಲಕವೇ ಸಿಗುತ್ತವೆ: ಅಭ್ಯರ್ಥಿಗಳೂ ಆಸ್ಪತ್ರೆಗಳೂ ತಮ್ಮ ಆಯ್ಕೆಯ ಪಟ್ಟಿ ಕೊಡುತ್ತಾರೆ, ಗಣಕ ಜೋಡಿಸುತ್ತದೆ. ನಮ್ಮ ಬಿವಿಎಸ್ಸಿಯ ಕೊನೆಯಲ್ಲಿ ಬರುವ ಕಡ್ಡಾಯ ಇಂಟರ್ನ್‌ಶಿಪ್ಪೇ ಬೇರೆ. ಇದು ಪದವಿ ಮುಗಿದ ಮೇಲಿನದು, ಒಂದು ವರ್ಷದ್ದು. ಒಂದು ವಿಭಾಗದಲ್ಲಿ ತಜ್ಞರಾಗಲು ಮಾಡುವ ರೆಸಿಡೆನ್ಸಿ ಸಾಮಾನ್ಯವಾಗಿ ಮೂರು ವರ್ಷ.

ಕೆಇಎ ಆಪ್ಷನ್ ಎಂಟ್ರಿ ಮಾಡಿದವರಿಗೆ ಇದು ಪರಿಚಿತ ಅನ್ನಿಸುತ್ತದೆ. ಆ ಪರಿಚಯವನ್ನು ಅರ್ಧ ಮಾತ್ರ ನಂಬಿ. ಸಿಇಟಿಯಲ್ಲಿ ನಿಮ್ಮ ರ‍್ಯಾಂಕ್ ಎಲ್ಲ ಕಾಲೇಜಿಗೂ ಒಂದೇ. ಇಲ್ಲಿ ಪ್ರತಿ ಆಸ್ಪತ್ರೆ ತನ್ನದೇ ಪಟ್ಟಿ ಮಾಡುತ್ತದೆ. ಅಣಕು ಸೀಟು ಹಂಚಿಕೆ ಇಲ್ಲ. ಸೀಟು ಬಂದ ಮೇಲೆ 'ಚಾಯ್ಸ್ 2' ಒತ್ತಿ ಮುಂದಿನ ಸುತ್ತಿಗೆ ಕಾಯುವಂತೆಯೂ ಇಲ್ಲ. ಮ್ಯಾಚ್ ಆದರೆ ಬದ್ಧರು.

ಹಾಗಾಗಿ ಸೋಸುವ ಕೆಲಸವನ್ನು ನಾನು ಅರ್ಜಿ ಹಾಕುವ ಮೊದಲೇ ಮುಗಿಸಿದೆ. ಪ್ರೋಗ್ರಾಂ ಸಂಖ್ಯೆ ಹೆಚ್ಚಾದಂತೆ ಶುಲ್ಕವೂ ಏರುತ್ತದೆ, ಅರ್ಜಿ ಹಾಕದ್ದನ್ನು ಆಮೇಲೆ ರ‍್ಯಾಂಕ್ ಮಾಡಲು ಬರುವುದಿಲ್ಲ. ಎಕ್ಸೆಲ್ ಶೀಟಿನ ಮೊದಲ ಎರಡು ಕಾಲಂ ಹೌದು/ಇಲ್ಲ: ವೀಸಾ ಕೊಡಿಸುತ್ತಾರೆಯೇ? ಇಸಿಎಫ್‌ವಿಜಿ ಅಥವಾ ಪೇವ್ (ವಿದೇಶಿ ಪಶುವೈದ್ಯ ಪದವಿ ಅಮೆರಿಕದ್ದಕ್ಕೆ ಸಮವೆಂದು ತೋರಿಸುವ ಪರೀಕ್ಷಾ ಕ್ರಮಗಳು) ಮುಗಿಸದವರಿಗೆ ಆ ರಾಜ್ಯದಲ್ಲಿ ಕೆಲಸ ಮಾಡಲು ಪರವಾನಗಿ ದಾರಿ ಇದೆಯೇ? ಒಂದಕ್ಕೆ 'ಇಲ್ಲ' ಬಂದರೂ ಆ ಸಾಲು ಅಳಿಸಿದೆ. ಪ್ರೋಗ್ರಾಂ ವಿವರಣೆಯಲ್ಲಿ ಸ್ಪಷ್ಟವಿಲ್ಲದಿದ್ದರೆ ಸಂಯೋಜಕರಿಗೆ ಇಮೇಲ್ ಬರೆದು ಉತ್ತರವನ್ನು ಬರಹದಲ್ಲೇ ಪಡೆದೆ.

ಉಳಿದವಕ್ಕೆ 5ರಲ್ಲಿ ಅಂಕ. ಹೆಚ್ಚು ತೂಕ ಕೊಟ್ಟದ್ದು ಮೇಲ್ವಿಚಾರಣೆಗೆ. ಸಂದರ್ಶನದಲ್ಲಿ ಮುಖ್ಯಸ್ಥರನ್ನು ಕೇಳುವುದಕ್ಕಿಂತ ಈಗಿನ ಇಂಟರ್ನ್‌ಗಳಿಗೆ ಫೋನ್ ಮಾಡಿ ಕೇಳುವುದು ಮೇಲು. ನನ್ನ ಪ್ರಶ್ನೆ ಒಂದೇ: ರಾತ್ರಿ ಎರಡಕ್ಕೆ ಹೊಟ್ಟೆ ತಿರುಚಿಕೊಂಡ, ಜಿಡಿವಿ ಆದ ಗ್ರೇಟ್ ಡೇನ್ ಬಂದರೆ ಚಾಕು ಹಿಡಿಯುವವರು ಯಾರು, ಎಷ್ಟು ನಿಮಿಷದಲ್ಲಿ ಬರುತ್ತಾರೆ? 'ಫೋನಿನಲ್ಲಿ ಸಿಗುತ್ತಾರೆ' ಅಂದರೆ ಅಲ್ಲಿ ಇಂಟರ್ನ್ ಅಂದರೆ ಅಗ್ಗದ ರಾತ್ರಿಪಾಳಿ ವೈದ್ಯ ಅಂತ ತಿಳಿಯಿರಿ. ಎರಡನೆಯದು, ವಿಭಾಗಕ್ಕೆ ಎಷ್ಟು ಬೋರ್ಡ್ ಪ್ರಮಾಣಿತ ತಜ್ಞರು. ಒಬ್ಬರೇ ಸರ್ಜನ್ ಇರುವಲ್ಲಿ ಅವರು ಬಿಟ್ಟುಹೋದರೆ ಆ ವಿಭಾಗದಲ್ಲಿ ಕಲಿಯುವ ರೊಟೇಷನ್ ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ಮೂರನೆಯದು, ಹಿಂದಿನ ಇಂಟರ್ನ್‌ಗಳಲ್ಲಿ ಎಷ್ಟು ಜನ ರೆಸಿಡೆನ್ಸಿಗೆ ಹೋದರು. ಸಂಬಳ, ಊರು ಇವಕ್ಕೆ ಕಡಿಮೆ ತೂಕ. ಅಂಕ ಸಮವಾದಾಗ ಮಾತ್ರ ನೋಡಿದೆ.

ಎಲ್ಲರೂ ಎಡವುವುದು ಕ್ರಮ ಹಾಕುವಾಗ. 'ಸಿಗುವುದನ್ನು ಮೇಲಿಡೋಣ' ಎಂಬ ಲೆಕ್ಕ ಇಲ್ಲಿ ನಷ್ಟದ್ದು. ನಿಮ್ಮ 1ನೇ ಆಯ್ಕೆ ಒಂದೇ ಸೀಟಿನ ವಿಶ್ವವಿದ್ಯಾಲಯದ ಆಸ್ಪತ್ರೆ, 2ನೆಯದು ಎರಡು ಸೀಟಿನ ಖಾಸಗಿ ರೆಫರಲ್ ಆಸ್ಪತ್ರೆ ಎನ್ನಿ. ಗಣಕ ಮೊದಲು 1ರಲ್ಲಿ ನಿಮ್ಮನ್ನು ತಾತ್ಕಾಲಿಕವಾಗಿ ಕೂರಿಸಲು ನೋಡುತ್ತದೆ. ಆ ಆಸ್ಪತ್ರೆಗೆ ಹೆಚ್ಚು ಬೇಕಾದವರು ಬಂದರೆ ನೀವು ಏಳಬೇಕು, ಆಗ 2ಕ್ಕೆ ಹೋಗುತ್ತೀರಿ. ಅಲ್ಲಿ ಎರಡೂ ಸೀಟು ತುಂಬಿದ್ದರೂ, ಕೂತವರಲ್ಲಿ ಒಬ್ಬರಿಗಿಂತಲಾದರೂ ನಿಮ್ಮನ್ನು ಆ ಆಸ್ಪತ್ರೆ ಮೇಲಿಟ್ಟಿದ್ದರೆ ಏಳುವುದು ಕೂತವರಲ್ಲಿ ಕೆಳಗಿದ್ದವರು. ತಡವಾಗಿ ಬಂದದ್ದಕ್ಕೆ ದಂಡವಿಲ್ಲ. 1962ರಲ್ಲಿ ಗೇಲ್ ಮತ್ತು ಶೇಪ್ಲಿ ತೋರಿಸಿದ ಜೋಡಣೆಯ ತರ್ಕ ಇದೇ. ಹಾಗಾಗಿ ದೂರದ ಆಸೆಯನ್ನು ಮೇಲಿಡುವುದರಿಂದ ಕೆಳಗಿನದು ಕೈತಪ್ಪುವುದಿಲ್ಲ. ಸುರಕ್ಷಿತವಾದದ್ದನ್ನು ಮೇಲಿಟ್ಟರೆ ಮಾತ್ರ ಆಸೆಯದು ಕೈತಪ್ಪುತ್ತದೆ. ರೆಸಿಡೆನ್ಸಿ, ಇಂಟರ್ನ್‌ಶಿಪ್ ಎರಡಕ್ಕೂ ಅರ್ಜಿ ಹಾಕಿದವರೂ ಒಂದೇ ಪಟ್ಟಿಯಲ್ಲಿ ಇದೇ ಕ್ರಮ ಹಿಡಿಯಬಹುದು. 'ನಿಮ್ಮನ್ನು ಮೇಲಿಟ್ಟಿದ್ದೇವೆ' ಎಂಬ ಸಿಹಿಮಾತಿಗೆ ಒಂದು ಸ್ಥಾನವನ್ನೂ ಬದಲಿಸಬೇಡಿ.

ಪಟ್ಟಿ ಎಲ್ಲಿ ನಿಲ್ಲಬೇಕು? 'ಇಲ್ಲಿ ಮಾತ್ರ ಮ್ಯಾಚ್ ಆದರೆ ಹೋಗುತ್ತೇನೆಯೇ, ಅಥವಾ ಈ ವರ್ಷ ಬಿಡುತ್ತೇನೆಯೇ?' ಅಂತ ಪ್ರತಿ ಸಾಲಿಗೂ ಕೇಳಿಕೊಂಡೆ. 'ಬಿಡುತ್ತೇನೆ' ಬಂದವನ್ನು ತೆಗೆದೆ. ಉದ್ದಕ್ಕಾಗಿ ತುಂಬಿದ ಸಾಲಿಗೇ ಮ್ಯಾಚ್ ಆಗಿ ಒದ್ದಾಡುವವರು ಇದ್ದಾರೆ.

ಗಡುವು ಅಮೆರಿಕದ ಗಡಿಯಾರದ್ದು. ಫೆಬ್ರವರಿಯಲ್ಲಿ ಅಲ್ಲಿನ ಪೂರ್ವ ಕರಾವಳಿ ನಮಗಿಂತ ಹತ್ತೂವರೆ ತಾಸು ಹಿಂದೆ. ಎರಡು ದಿನ ಮೊದಲೇ ಸಲ್ಲಿಸಿ, ಮತ್ತೆ ಲಾಗಿನ್ ಆಗಿ, ಪ್ರೋಗ್ರಾಂ ಸಂಖ್ಯೆಗಳನ್ನು ಒಂದೊಂದಾಗಿ ತಾಳೆ ನೋಡಿ. ಒಂದೇ ಆಸ್ಪತ್ರೆಯ ಹಲವು ವಿಭಾಗ ಸುತ್ತುವ ರೊಟೇಟಿಂಗ್ ಮತ್ತು ಒಂದೇ ವಿಭಾಗದ ಸ್ಪೆಷಾಲಿಟಿ ಇಂಟರ್ನ್‌ಶಿಪ್‌ಗೆ ಬೇರೆ ಬೇರೆ ಸಂಖ್ಯೆ ಇರುತ್ತದೆ, ಅಲ್ಲೇ ಅದಲುಬದಲಾಗುವುದು. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮ್ಯಾಚ್ ಆಗದಿದ್ದರೆ ಖಾಲಿ ಉಳಿದ ಸೀಟುಗಳಿಗೆ ನೇರ ಸಂಪರ್ಕ ಮಾಡಬೇಕು, ಅವು ಗಂಟೆಗಳಲ್ಲಿ ಹೋಗುತ್ತವೆ. ಸಿವಿ, ಪತ್ರ, ಅಂಕಪಟ್ಟಿ ಸೇರಿಸಿದ ಒಂದೇ ಪಿಡಿಎಫ್ ಫಲಿತಾಂಶದ ಹಿಂದಿನ ರಾತ್ರಿಯೇ ಸಿದ್ಧವಿರಲಿ.