ಡ್ರ್ಯಾಗ್ ರೇಸ್ ಕಾರಿಗೆ ಟಾರ್ಕ್ ಕನ್ವರ್ಟರ್ ಆರಿಸುವ ಬಗೆ

ಅಮೆರಿಕದ ಕಾಲು ಮೈಲಿ, ಅಂದರೆ 402 ಮೀಟರ್ ಡ್ರ್ಯಾಗ್ ಓಟದಲ್ಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಕಾರು ಮೊದಲ 60 ಅಡಿಗಳಲ್ಲಿ ಕಳೆದುಕೊಂಡ ಸಮಯವನ್ನು ಮುಂದೆ ಗಳಿಸಿಕೊಳ್ಳುವುದು ಬಹಳ ಕಷ್ಟ. ಆ 60 ಅಡಿಗಳಲ್ಲಿ ಎಂಜಿನ್ನಿನ ಶಕ್ತಿ ಚಕ್ರಕ್ಕೆ ಹೇಗೆ ತಲುಪುತ್ತದೆ ಎಂಬುದು ಬಹುಪಾಲು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆಯ ಮೂಲಕ ಶಕ್ತಿ ಸಾಗಿಸುವ ಟಾರ್ಕ್ ಕನ್ವರ್ಟರಿನ ಕೈಯಲ್ಲಿದೆ.

ಕನ್ವರ್ಟರಿನೊಳಗೆ ಎಂಜಿನ್ ತಿರುಗಿಸುವ ಪಂಪ್ ಎಣ್ಣೆಯನ್ನು ಗೇರ್‌ಬಾಕ್ಸಿಗೆ ಜೋಡಿಸಿದ ಟರ್ಬೈನಿನ ಮೇಲೆ ಎಸೆಯುತ್ತದೆ. ಹಿಂದಿರುಗುವ ಎಣ್ಣೆಯ ದಿಕ್ಕನ್ನು ನಡುವಿನ ಸ್ಟೇಟರ್ ತಿರುಗಿಸುವುದರಿಂದ ಕಾರು ಹೊರಡುವ ಕ್ಷಣದಲ್ಲಿ ಟಾರ್ಕ್ (ತಿರುಗಿಸುವ ಬಲ) ಸುಮಾರು ಎರಡು ಪಟ್ಟಾಗುತ್ತದೆ. ಟರ್ಬೈನ್ ಅಲುಗದಂತೆ ಹಿಡಿದು ಪೂರ್ಣ ಥ್ರಾಟಲ್ ಕೊಟ್ಟಾಗ ಎಂಜಿನ್ ಏರಬಲ್ಲ ಆರ್‌ಪಿಎಂಗೆ (ನಿಮಿಷದ ಸುತ್ತುಗಳಿಗೆ) ಸ್ಟಾಲ್ ಎನ್ನುತ್ತಾರೆ. ಕಾರ್ಖಾನೆಯ ಕನ್ವರ್ಟರ್ ಪೇಟೆಯ ಓಡಾಟಕ್ಕಾಗಿ ಮಾಡಿದ್ದಾದ್ದರಿಂದ ಅದರ ಸ್ಟಾಲ್ ಸಾಮಾನ್ಯವಾಗಿ 2,000ದ ಆಸುಪಾಸಿನಲ್ಲಿರುತ್ತದೆ. ದೊಡ್ಡ ಕ್ಯಾಮ್‌ಶಾಫ್ಟ್ (ಕವಾಟಗಳನ್ನು ತೆರೆಯುವ ದಂಡ) ಹಾಕಿದ ಎಂಜಿನ್ನಿಗೆ ಅಲ್ಲಿ ಕಸುವೇ ಇರುವುದಿಲ್ಲ.

ಹೀಗೆಂದು ಪೆಟ್ಟಿಗೆಯ ಮೇಲಿನ ದೊಡ್ಡ ಸ್ಟಾಲ್ ಸಂಖ್ಯೆಯನ್ನು ನಂಬಿ ಕೊಳ್ಳಬಾರದು. ಸ್ಟಾಲ್ ಸ್ಥಿರವಾದದ್ದಲ್ಲ; ಅದೇ ಕನ್ವರ್ಟರ್ ಹೆಚ್ಚು ಟಾರ್ಕಿನ ಎಂಜಿನ್ನಿನ ಹಿಂದೆ ಹೆಚ್ಚು ಆರ್‌ಪಿಎಂಗೆ ಏರುತ್ತದೆ. ಆದ್ದರಿಂದ ತಯಾರಕರಿಗೆ ಎಂಜಿನ್ನಿನ ಟಾರ್ಕ್ ರೇಖೆ, ಕಾರಿನ ತೂಕ, ಆಕ್ಸಲ್ ಅನುಪಾತ (ಚಕ್ರದ ಒಂದು ಸುತ್ತಿಗೆ ಡ್ರೈವ್‌ಶಾಫ್ಟ್ ಎಷ್ಟು ಸುತ್ತುತ್ತದೆ), ಟೈರಿನ ವ್ಯಾಸ, ಹೊರಡುವುದು ಕಾಲಿನ ಬ್ರೇಕಿನಿಂದಲೋ ಗೇರ್‌ಬಾಕ್ಸನ್ನೇ ಹಿಡಿದಿಡುವ ಟ್ರಾನ್ಸ್‌ಬ್ರೇಕಿನಿಂದಲೋ ಎಂಬ ವಿವರಗಳನ್ನೆಲ್ಲ ಕೊಟ್ಟು ಮಾಡಿಸಿಕೊಳ್ಳುವುದೇ ಸರಿ.

ಗೇರ್ ಬದಲಾವಣೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೊಸಬರು ಮರೆಯುವುದು ಇದನ್ನೇ. ಎರಡೇ ಗೇರಿನ ಪವರ್‌ಗ್ಲೈಡ್ ಗೇರ್‌ಬಾಕ್ಸಿನಲ್ಲಿ ಮೊದಲ ಗೇರ್ 1.76 ಇದ್ದು 7,000 ಆರ್‌ಪಿಎಂನಲ್ಲಿ ಬದಲಿಸಿದರೆ, ಕನ್ವರ್ಟರಿನಲ್ಲಿ ಜಾರುವಿಕೆಯೇ (ಪಂಪಿಗಿಂತ ಟರ್ಬೈನ್ ನಿಧಾನವಾಗಿ ತಿರುಗುವುದು) ಇಲ್ಲದಿದ್ದಲ್ಲಿ ಎಂಜಿನ್ ಸುಮಾರು 3,980ಕ್ಕೆ ಕುಸಿಯುತ್ತದೆ. ಸರಿಯಾದ ಕನ್ವರ್ಟರ್ ಅಷ್ಟು ಕುಸಿಯಲು ಬಿಡದೆ ಎಂಜಿನ್ನನ್ನು ಟಾರ್ಕ್ ತುಂಬಿರುವ ಪಟ್ಟಿಯಲ್ಲೇ ಹಿಡಿದಿಡುತ್ತದೆ. ಮೂರು ಗೇರಿನ ಟಿಎಚ್400 ಗೇರ್‌ಬಾಕ್ಸಿನಲ್ಲಿ ಅದೇ 7,000ದಲ್ಲಿ ಎರಡನೆಯದರಿಂದ ಮೂರನೆಯದಕ್ಕೆ ಹೋಗುವಾಗ ಕುಸಿತ ಸುಮಾರು 4,730ರವರೆಗೆ ಮಾತ್ರ. ಹಾಗಾಗಿ ಅದೇ ಎಂಜಿನ್ನಿಗೆ ಇಲ್ಲಿ ಅಷ್ಟು ಸಡಿಲವಾದ, ಅಂದರೆ ಅಷ್ಟು ಹೆಚ್ಚು ಸ್ಟಾಲಿನ, ಕನ್ವರ್ಟರ್ ಬೇಕಾಗದೆ ಇರಬಹುದು.

ಜೋಡಿಸುವ ಮುನ್ನ ಕನ್ವರ್ಟರಿಗೆ ಒಂದಿಷ್ಟು ಎಣ್ಣೆ ತುಂಬಿ, ಅದು ಗೇರ್‌ಬಾಕ್ಸಿನ ಪಂಪಿನಲ್ಲಿ ಪೂರ್ತಿ ಕೂತಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಕೂರದೆ ಬೋಲ್ಟ್ ಬಿಗಿದರೆ ಪಂಪ್ ಒಡೆಯುತ್ತದೆ. ಜಾರುವಿಕೆಯೆಲ್ಲ ಶಾಖವಾಗುವುದರಿಂದ ಪ್ರತ್ಯೇಕ ಕೂಲರ್ ಅನಿವಾರ್ಯ.

ಓಡಿಸಿದ ಮೇಲೆ ಟೈಮ್‌ಸ್ಲಿಪ್ಪನ್ನು (ಓಟದ ಸಮಯ, ವೇಗಗಳ ಚೀಟಿ) ಓದಬೇಕು. 60 ಅಡಿಯ ಸಮಯ ಇಳಿದರೂ ಗೆರೆ ದಾಟುವ ವೇಗ ಕುಗ್ಗಿದ್ದರೆ ಕನ್ವರ್ಟರ್ ಅತಿ ಸಡಿಲವಾಗಿರಬಹುದು. ಪರೀಕ್ಷಿಸಲು ಗಂಟೆಗೆ ಮೈಲಿಯ ವೇಗವನ್ನು ಆಕ್ಸಲ್ ಅನುಪಾತದಿಂದಲೂ 336ರಿಂದಲೂ ಗುಣಿಸಿ, ಟೈರಿನ ವ್ಯಾಸದ ಅಂಗುಲಗಳಿಂದ ಭಾಗಿಸಬೇಕು. ಕೊನೆಯ ಗೇರ್ 1:1 ಇದ್ದು, 120 ಮೈಲಿ ವೇಗ, 4.10 ಆಕ್ಸಲ್, 28 ಅಂಗುಲದ ಟೈರ್ ಆದರೆ ಉತ್ತರ, ಅಂದರೆ ಜಾರುವಿಕೆಯಿಲ್ಲದ ಆರ್‌ಪಿಎಂ, 5,904. ಗೆರೆ ದಾಟುವಾಗ ಟ್ಯಾಕೋಮೀಟರ್ (ಆರ್‌ಪಿಎಂ ಮಾಪಕ) 6,300 ತೋರಿಸಿದರೆ ಜಾರುವಿಕೆ ಶೇಕಡಾ 6ಕ್ಕೆ ತುಸು ಹೆಚ್ಚು, ಅದು ಒಪ್ಪತಕ್ಕದ್ದೇ. ಆದರೆ ಮೆತ್ತನೆಯ, ಮೈಮೇಲೆ ಕೊರೆತವಿಲ್ಲದ ಸ್ಲಿಕ್ ಟೈರ್ ವೇಗದಲ್ಲಿ ಹಿಗ್ಗುವುದರಿಂದ ನಿಂತ ಕಾರಿನಲ್ಲಿ ಅಳೆದ ವ್ಯಾಸ ಜಾರುವಿಕೆಯನ್ನು ಕಡಿಮೆ ಮಾಡಿ ತೋರಿಸುತ್ತದೆ; ಡ್ರೈವ್‌ಶಾಫ್ಟಿಗೆ ಸೆನ್ಸರ್ ಇದ್ದರೆ ಅದರ ಅಂಕಿಯನ್ನೇ ನಂಬಬೇಕು.